ಸೇತುವೆಯ ಮೇಲಿನ ಮುಖ

ಫೆಬ್ರವರಿ ೯

ಮಧ್ಯಾಹ್ನದ ಹೊತ್ತಿಗೆ ತಂತಿ ಸುದ್ದಿ ಬಂತು: ಸೇತುವೆ ನಮ್ಮವರ ಕೈ ಸೇರಿದೆ. ಅಚ್ಚುಕೂಟದ ಯಜಮಾನರು ಮೆಟ್ಟಿಲು ಹತ್ತಿ ನಮ್ಮ ಬಣ್ಣದ ಕೋಣೆಗೆ ಬರುವುದೇ ಅಪರೂಪ. ಇವತ್ತು ಏದುಸಿರು ಬಿಡುತ್ತಾ ಬಂದು, "ಮುಂದಿನ ವಾರ ಸೇತುವೆ ಚಿತ್ರ ಪ್ರತಿ ಅಂಗಡೀಲೂ ತೂಗಾಡ್ತಿರಬೇಕು," ಎಂದರು.

"ಯಾವ ಥರದ ಸೇತುವೆ? ಕಲ್ಲಿಂದೋ, ಮರದ್ದೋ?" ಎಂದು ಚಿತ್ರಗಾರರು ಕೇಳಿದರು.

"ತಂತೀಲಿ ಅದನ್ನೆಲ್ಲ ಬರೆಯಲ್ಲ. ಯಾವುದು ಚೆನ್ನಾಗಿ ಕಾಣುತ್ತೋ ಅದನ್ನ ಬರೀರಿ."

ನಮ್ಮ ಮೇಜಿನಲ್ಲಿ ನಾವು ನಾಲ್ವರು ಹೆಂಗಸರು. ಚಿತ್ರಗಾರರು ಜಿಡ್ಡಿನ ಕಡ್ಡಿಯಿಂದ ಅಚ್ಚಿನ ಕಲ್ಲಿನ ಮೇಲೆ ಬರೆದದ್ದು ಕೆಳಮನೆಯಲ್ಲಿ ಕಪ್ಪು ಬಿಳುಪಾಗಿ ಅಚ್ಚಾಗಿ ಮೇಲೆ ಬರುತ್ತದೆ; ನಾವು ಒಬ್ಬೊಬ್ಬರು ಒಂದೊಂದು ಬಣ್ಣ ಹಾಕಿ ಹಾಳೆಯನ್ನು ಪಕ್ಕಕ್ಕೆ ದೂಡುತ್ತೇವೆ. ಯಜಮಾನರಿಗೆ ನಮ್ಮ ಹೆಸರುಗಳು ನೆನಪಿರುವುದಿಲ್ಲ. ನೀಲಿ, ಹಸಿರು, ಹಳದಿ ಎಂದೇ ಕರೆಯುತ್ತಾರೆ. ಈಗ ನಾವೂ ಹಾಗೇ ಕರೆದುಕೊಳ್ಳುತ್ತೇವೆ. ನಾನು ಕೆಂಪು. ಸೈನಿಕರ ಕೋಟು, ಬಾವುಟ, ಬೆಂಕಿಯ ಬುಡ, ರಕ್ತ ಎಲ್ಲ ನನ್ನ ಪಾಲಿನದು. ಯುದ್ಧವಿಲ್ಲದ ಕಾಲದಲ್ಲಿ ಗುಲಾಬಿ, ಹಣ್ಣು ಬಿಟ್ಟರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ನೀಲಿಯ ಆಕಾಶ ಮುಗಿಯಲಿ ಎಂದು ಕೈಕಟ್ಟಿ ಕೂತಿರುತ್ತಿದ್ದೆ. ಈಗ ಎಲ್ಲರಿಗಿಂತ ಮೊದಲು ನನ್ನ ಬಟ್ಟಲು ಬರಿದಾಗುತ್ತದೆ.

ಸುದ್ದಿ ಕೇಳಿದಾಗ ನನಗೆ ಮೊದಲು ಹೊಳೆದದ್ದು, ಇರುವ ಕೆಂಪು ಸಾಕಾಗುತ್ತದೋ ಇಲ್ಲವೋ ಎಂಬುದು. ತಂಗಿಯ ಗಂಡ ಆ ಕಡೆಗೇ ಹೋದ ದಳದಲ್ಲಿದ್ದಾನೆ ಎಂಬುದು ಹೊಳೆದದ್ದು ಆಮೇಲೆ. ಇದನ್ನು ಬೇರೆ ಯಾರ ಮುಂದೆಯೂ ಹೇಳಲಾರೆ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಮನೆಗೆ ಬಂದಾಗ ತಂಗಿಗೂ ಸುದ್ದಿ ಮುಟ್ಟಿತ್ತು. ಅವಳಿಗೆ ದಿನ ತುಂಬುತ್ತಾ ಬಂದಿದೆ. ಚಳಿ ಶುರುವಾದಾಗಿನಿಂದ ಗಂಡನ ಕಡೆಯಿಂದ ಒಂದಕ್ಷರವಿಲ್ಲ. ತಟ್ಟೆಯ ಮುಂದೆ ಕೂತು, ಸ್ವಲ್ಪ ಕೆದಕಿ, ಎದ್ದು ಹೋದಳು.

ಫೆಬ್ರವರಿ ೧೧

ಚಿತ್ರಗಾರರು ಯುದ್ಧ ಕಂಡವರಲ್ಲ. ಕುದುರೆ ಸೀನಿದರೂ ಬೆಚ್ಚುವ ಮನುಷ್ಯ. ಹೊಗೆ ಮತ್ತು ಮೋಡ ಮಾತ್ರ ಬಹಳ ಚೆನ್ನಾಗಿ ಬರೆಯುತ್ತಾರೆ. ಮುಖ ಬರೆಯಲು ಕೂತರೆ ಕೈ ತನ್ನಷ್ಟಕ್ಕೆ ಅವರ ಸೋದರಮಾವನ ಮುಖವನ್ನೇ ಬರೆಯುತ್ತದೆ. ಕಳೆದ ಕದನದ ಚಿತ್ರದಲ್ಲಿ ಎರಡೂ ಕಡೆಯ ಸೈನ್ಯ ಸೋದರಮಾವಂದಿರಿಂದಲೇ ತುಂಬಿತ್ತು. "ಇದು ಯುದ್ಧ ಅಲ್ಲ, ಆಸ್ತಿ ಜಗಳ," ಎಂದಳು ಹಳದಿ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಅವಳು, ಬಾಯಿಗೆ ಬೀಗವಿಲ್ಲ.

ಈ ಸಲ ನಡುವೆ ಬಾವುಟ ಹಿಡಿದವನೊಬ್ಬ ದೊಡ್ಡದಾಗಿ ಕಾಣಬೇಕಂತೆ. "ಆ ಒಬ್ಬನಿಗಾದರೂ ಬೇರೆ ಮುಖ ಕೊಡ್ರಿ," ಎಂದು ಯಜಮಾನರು ಗದರಿ ಹೋದರು. ಚಿತ್ರಗಾರರು ನಮ್ಮ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಯಾರ ಮನೇಲಾದ್ರೂ ಒಂದು ಒಳ್ಳೇ ಮುಖ ಇದೆಯಾ?" ಎಂದು ಕೇಳಿದರು.

"ಇದೆ," ಎಂದೆ ನಾನು. ಏಕೆ ಹಾಗೆಂದೆನೋ. ಅವರನ್ನು ಕಂಡು ಪಾಪ ಎನ್ನಿಸಿತ್ತು. ಅಷ್ಟೇ ಅಲ್ಲ, ಉಳಿದ ಮೂವರು ನನ್ನತ್ತ ನೋಡಿದ್ದೂ ಹಿತವಾಗಿತ್ತು.

ಫೆಬ್ರವರಿ ೧೨

ತಂಗಿ ಬಟ್ಟೆ ಒಗೆಯುತ್ತಿದ್ದಾಗ ಗೂಡಿನಿಂದ ಅವನ ಫೋಟೊ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಯುದ್ಧಕ್ಕೆ ಹೊರಡುವ ಮುಂಚೆ ತೆಗೆಸಿದ್ದು. ಗಡಿಯಾರ ರಿಪೇರಿ ಮಾಡುವವನು ಅವನು. ಮನೆಯ ಮುಂಗೋಣೆಯೇ ಅವನ ಅಂಗಡಿ. ಸಣ್ಣ ಸಣ್ಣ ಚಕ್ರ ನೋಡಿ ನೋಡಿ ಒಂದು ಕಣ್ಣು ಸದಾ ಕಿರಿದು ಮಾಡಿಕೊಂಡಿರುತ್ತಾನೆ. ಚಿತ್ರಗಾರರಿಗೆ ಅದು ಬಹಳ ಹಿಡಿಸಿತು. "ಗುರಿ ಇಡ್ತಿರೋ ಹಾಗಿದೆ," ಎಂದರು.

ಸಂಜೆ ಫೋಟೊ ಮತ್ತೆ ಗೂಡಿಗೆ ಸೇರಿತು. "ಅಕ್ಕ, ಇದನ್ನ ಯಾರು ಮುಟ್ಟಿದ್ದು?" ಎಂದು ತಂಗಿ ಕೇಳಿದಳು. "ಧೂಳು ಒರೆಸ್ದೆ," ಎಂದೆ. "ನಾನು ದಿನಾ ಒರೆಸ್ತೀನಲ್ಲ," ಎಂದಳು ಅವಳು.

ಫೆಬ್ರವರಿ ೧೮

ಬೆಳಗಿನಿಂದ ಸೇತುವೆ, ಸೇತುವೆ, ಸೇತುವೆ. ಹಾಳೆಗಳು ರಾಶಿ ರಾಶಿಯಾಗಿ ಮೇಲೆ ಬರುತ್ತಿವೆ. ಮರದ ಸೇತುವೆಯನ್ನೇ ಬರೆದಿದ್ದಾರೆ; ಮರವಾದರೆ ಉರಿಯುತ್ತದೆ, ಹಳದಿಗೂ ನನಗೂ ಕೆಲಸ ಸಿಗುತ್ತದೆ. ನಡುವೆ ಅವನು, ಒಂದು ಕಣ್ಣು ಕಿರಿದು ಮಾಡಿ, ಬಾವುಟವನ್ನು ಗಾಳಿಗೆ ಒಡ್ಡಿ ನಿಂತಿದ್ದಾನೆ. ನಿಜಕ್ಕೂ ಅವನಿಗೆ ಬಕೆಟ್ಟು ತುಂಬ ನೀರು ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ.

ಕೋಟಿಗೆ ಎರಡು ಸಲ, ಬಾವುಟಕ್ಕೆ ಮೂರು ಸಲ ಕುಂಚ ಆಡಿಸುತ್ತೇನೆ. ರಕ್ತವನ್ನು ಕೊನೆಯಲ್ಲಿ ಹಾಕುವುದು. ಎಲ್ಲಿ ಹಾಕಬೇಕೆಂದು ಯಾರೂ ಹೇಳುವುದಿಲ್ಲ, ಅದು ನನ್ನ ಇಷ್ಟ. ಅವನ ಮೇಲೆ ಒಂದು ಹನಿಯೂ ಬೀಳದ ಹಾಗೆ ಎಲ್ಲವನ್ನೂ ಸುತ್ತಲಿನವರಿಗೆ ಹಂಚಿದೆ. ಅವನ ಹಿಂದೆ ಮಂಡಿಯೂರಿದ ಒಬ್ಬನಿಗೆ ಧಾರಾಳವಾಗಿಯೇ ಬಿತ್ತು.

ಫೆಬ್ರವರಿ ೨೨

ಇವತ್ತು ರಜೆ. ಹಾಲಿನವಳು ಬಾಗಿಲಲ್ಲಿ ನಿಂತು ತಂಗಿಗೆ, "ಏನಮ್ಮ, ನಿಮ್ಮ ಮನೆಯೋರು ಪೇಟೆ ತುಂಬ ನೇತಾಡ್ತಿದಾರೆ, ನೀವು ಇಲ್ಲಿ ಅಳ್ತಾ ಕೂತಿದೀರಾ?" ಎಂದಳು. ತಂಗಿ ಹಾಗೇ, ಬರಿಗಾಲಲ್ಲಿ, ಆ ಹೊಟ್ಟೆ ಹೊತ್ತುಕೊಂಡು ಮೂಲೆಯ ಕಾಗದದ ಅಂಗಡಿಗೆ ಓಡಿದಳು. ನಾನು ಹಿಂದೆ ಹೋಗಲಿಲ್ಲ. ಒಲೆಯ ಮುಂದೆ ಕೂತುಬಿಟ್ಟೆ.

ಚಿತ್ರವನ್ನು ಎದೆಗವಚಿಕೊಂಡು ಬಂದಳು. "ಅಕ್ಕ, ಇವರು ಬದುಕಿದಾರೆ. ನೋಡು, ಎಲ್ಲರಿಗಿಂತ ಮುಂದೆ ಇದಾರೆ. ನೋಡಿದೋರು ಯಾರೋ ಹೇಳಿರ್ಬೇಕು, ಇಲ್ದಿದ್ರೆ ಈ ಕಣ್ಣು ಹೇಗೆ ಗೊತ್ತಾಗುತ್ತೆ?"

ನಾನು ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದೆ.

"ನೀನೇ ಬಣ್ಣ ಹಾಕಿದೀಯ. ನಿಂಗೆ ಗೊತ್ತಾಗ್ಲಿಲ್ವಾ?"

"ನಾನು ಕೋಟು ನೋಡ್ತೀನಿ ಕಣೆ, ಮುಖ ಎಲ್ಲಿ ನೋಡ್ತೀನಿ?"

ಅವಳು ನಕ್ಕಳು. ಎಷ್ಟು ಕಾಲವಾಗಿತ್ತು ಆ ನಗು ಕೇಳಿ. ಆಮೇಲೆ ಊಟ ಮಾಡಿದಳು, ಮತ್ತೆ ಬಡಿಸಿಕೊಂಡಳು, ನನ್ನ ತಟ್ಟೆಯದನ್ನೂ ಕಿತ್ತುಕೊಂಡಳು.

ನಾಳೆ ಹೇಳುತ್ತೇನೆ.

ಫೆಬ್ರವರಿ ೨೩

ಹೇಳಲಿಲ್ಲ.

ಫೆಬ್ರವರಿ ೨೭

ಹೇಳಿದರೆ ತಟ್ಟೆ ದೂಡುತ್ತಾಳೆ. ಹೆರಿಗೆ ಆಗುವವರೆಗೆ ಕಾಯುವುದು ಒಳ್ಳೆಯದು. ಹೊಟ್ಟೆಯಲ್ಲಿರುವ ಕೂಸಿಗಾಗಿ ಸುಮ್ಮನಿದ್ದೇನೆ, ನನಗಾಗಿ ಅಲ್ಲ. ಈ ಮಾತನ್ನು ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಿಜವಾದ ಮಾತನ್ನು ಅಷ್ಟು ಸಲ ಹೇಳಿಕೊಳ್ಳಬೇಕಾಗುವುದಿಲ್ಲವೇನೋ.

ಮಾರ್ಚ್ ೭

ಚಿತ್ರದಲ್ಲಿರುವುದು ಇದೇ ಪೇಟೆಯ ಗಡಿಯಾರದವನು ಎಂದು ಯಜಮಾನರ ಕಿವಿಗೆ ಬಿದ್ದಿದೆ. ಯಾರು ಹೇಳಿದರು ಎಂದು ಕೇಳಬೇಕಾಗಿಲ್ಲ; ತಂಗಿ ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದಾಳೆ. ಯಜಮಾನರು ಕುಣಿಯುವುದೊಂದು ಬಾಕಿ. ಕಲ್ಲಿನ ಕೆಳಅಂಚಿನಲ್ಲಿ "ನಮ್ಮ ಪೇಟೆಯ ವೀರ" ಎಂದು ಬರೆಸಿ ಮತ್ತೆ ಅಚ್ಚು ಹಾಕಿಸುತ್ತಿದ್ದಾರೆ. ಫೋಟೊ ಕೊಟ್ಟದ್ದು ನಾನೇ ಎಂದು ಚಿತ್ರಗಾರರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನೀಲಿ, ಹಸಿರು, ಹಳದಿ ಮೂವರಿಗೂ ಗೊತ್ತು. ಹಳದಿ ಇವತ್ತು ಒಂದೂ ತಮಾಷೆ ಮಾಡಲಿಲ್ಲ.

ಮಾರ್ಚ್ ೨೦

ಹೆಣ್ಣುಮಗು. ತಾಯಿ ಮಗು ಇಬ್ಬರೂ ಸುಖ. ಮಗು ಕಣ್ಣು ಬಿಟ್ಟ ಕೂಡಲೇ ತಂಗಿ ಗೋಡೆಯ ಮೇಲಿನ ಚಿತ್ರದ ಕಡೆ ತಿರುಗಿಸಿ ತೋರಿಸಿದಳು.

ಹೆರಿಗೆ ಆಯಿತು. ಈಗ ಹೇಳದಿರಲು ಬೇರೆ ಕಾರಣ ಹುಡುಕಬೇಕು. ಹಾಲು ಬತ್ತಿಹೋದರೆ ಎಂಬುದೊಂದು ಸಿಕ್ಕಿದೆ.

ಏಪ್ರಿಲ್ ೮

ಅವನು ಬಂದ.

ಹಿತ್ತಿಲ ಬಾಗಿಲಿನಿಂದ ಬಂದ, ಭಿಕ್ಷುಕನೆಂದು ನಾನು ಕದ ಹಾಕಲು ಹೋದೆ. ಜ್ವರ ಬಂದು ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದನಂತೆ, ಇನ್ನು ದಳಕ್ಕೆ ಬೇಡವೆಂದು ಕಳಿಸಿದ್ದಾರೆ. ತೊಟ್ಟಿದ್ದ ಕೋಟು ಬೂದಿಯದೋ ಮಣ್ಣಿನದೋ ಹೇಳಲಾಗದ ಬಣ್ಣದ್ದು. ಕೆಂಪು ಎಲ್ಲಿಯೂ ಇರಲಿಲ್ಲ. ತಂಗಿ ಮಗುವನ್ನು ಅವನ ಕೈಗಿಟ್ಟಳು. ಅವನು ಮಗುವನ್ನು ಗಡಿಯಾರದ ಹಾಗೆ ಕಿವಿಗೆ ಹಿಡಿದು ಉಸಿರು ಕೇಳಿದ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಸಂತೋಷಕ್ಕೆ ಎಂದುಕೊಳ್ಳಲಿ ಎಂದು ಗಟ್ಟಿಯಾಗಿಯೇ ಅತ್ತೆ.

ಏಪ್ರಿಲ್ ೯

ಬೆಳಗಾಗುವಷ್ಟರಲ್ಲಿ ಬಾಗಿಲಲ್ಲಿ ಜನ. ಕೈ ಕುಲುಕುವವರು, ಬೆನ್ನು ತಟ್ಟುವವರು. ಅವನಿಗೆ ಬುಡ ತಿಳಿಯದು, ತುದಿ ತಿಳಿಯದು. ಎಲ್ಲರೂ ಹೋದ ಮೇಲೆ ತಂಗಿ ಅವನನ್ನು ಗೋಡೆಯ ಮುಂದೆ ನಿಲ್ಲಿಸಿದಳು.

"ಇದು ಯಾರು?" ಎಂದ.

"ಯಾರಂದ್ರೆ? ನೀವೇ."

ಬಹಳ ಹೊತ್ತು ನೋಡಿದ. ನೀರು ಕುಡಿಯಬೇಕು ಎಂದು ಹಿತ್ತಿಲಿಗೆ ಬಂದ. ನಾನು ಅಲ್ಲೇ ಕುಂಚ ತೊಳೆಯುತ್ತಿದ್ದೆ.

"ಅತ್ತಿಗೆ, ನನ್ನ ಮುಖ ಅವರಿಗೆ ಕೊಟ್ಟಿದ್ದು ಯಾರು?"

"ನಾನು."

ನನ್ನ ಬಾಯಿಂದ ಅದು ಅಷ್ಟು ಸುಲಭವಾಗಿ ಬಂತೆಂದು ನನಗೇ ಆಶ್ಚರ್ಯ. ಅವನು ಬೈಯಲಿಲ್ಲ. ಕೈ ತೊಳೆದುಕೊಂಡ, ಮತ್ತೆ ತೊಳೆದುಕೊಂಡ.

"ಬಾವುಟ ನನ್ನ ಕೈಲಿರ್ಲಿಲ್ಲ," ಎಂದ. "ಅವಳಿಗೆ ಹೇಳ್ಬೇಡಿ. ನೀವು ಶುರುಮಾಡಿದೀರಿ, ಈಗ ನಿಲ್ಲಿಸೋಕೆ ನಿಮಗೂ ಆಗಲ್ಲ, ನನಗೂ ಆಗಲ್ಲ."

ಏಪ್ರಿಲ್ ೨೧

ಮುಂಗೋಣೆಯ ಅಂಗಡಿ ತೆರೆದಿದ್ದಾನೆ. ಚೆನ್ನಾಗಿ ನಡೆಯುತ್ತಿರುವ ಗಡಿಯಾರಗಳನ್ನೂ ಜನ ತರುತ್ತಾರೆ, ಅವನನ್ನು ನೋಡುವುದಕ್ಕೆ. ಅವನು ತಲೆ ಎತ್ತದೆ ಹಿಂಬದಿ ಬಿಚ್ಚಿ, ಊದಿ, ಮುಚ್ಚಿ ಕೊಡುತ್ತಾನೆ. ತಂಗಿ ತಲೆ ಎತ್ತಿಕೊಂಡು ಪೇಟೆಗೆ ಹೋಗಿಬರುತ್ತಾಳೆ. ಒಂದೇ ಮನೆಯಲ್ಲಿ ಮೂವರೂ ಒಂದೇ ಚಿತ್ರದ ಕೆಳಗೆ ಊಟ ಮಾಡುತ್ತೇವೆ, ಅವಳೊಬ್ಬಳಿಗೆ ಮಾತ್ರ ಊಟ ರುಚಿಸುತ್ತದೆ.

ಮೇ ೨

ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಣ್ಣದ ಕೋಣೆಗೆ ಬಂದಳು. ಐವತ್ತು ದಾಟಿರಬಹುದು. ಪ್ರಯಾಣದ ಧೂಳು ಇನ್ನೂ ಮೈಮೇಲಿತ್ತು. ಕೈಯಲ್ಲಿ ನಮ್ಮ ಸೇತುವೆ, ನಾಲ್ಕು ಮಡಿಕೆ ಮಡಿಚಿದ್ದು. ಯಜಮಾನರು ಅವಳ ಹಿಂದೆಯೇ, "ಅಮ್ಮ, ಕೆಳಗೆ ಮಾತಾಡೋಣ," ಎನ್ನುತ್ತಾ ಬಂದರು.

"ಆ ಸೇತುವೆ ಮೇಲೆ ಬಾವುಟ ಹಿಡಿದಿದ್ದು ನನ್ನ ಮಗ," ಎಂದಳು. "ಅವನ ಜೊತೆ ಇದ್ದೋರು ಬಂದು ಹೇಳಿದಾರೆ. ಅಲ್ಲೇ ಸತ್ತ. ಮಣ್ಣು ಮಾಡಿದ ಜಾಗವೂ ಗೊತ್ತಿಲ್ಲ. ನಮ್ಮೂರಿನ ರೊಟ್ಟಿ ಅಂಗಡೀಲಿ ಈ ಚಿತ್ರ ಹಾಕಿದಾರೆ ಅಂತ ಕೇಳಿ ಓಡಿದೆ, ಮುಖನಾದ್ರೂ ನೋಡೋಣ ಅಂತ. ಇದು ನನ್ನ ಮಗ ಅಲ್ಲ."

"ಬಂದ ಸುದ್ದಿಯ ಆಧಾರದ ಮೇಲೆ ಬರೆದಿದ್ದು ಅಮ್ಮ," ಎಂದರು ಯಜಮಾನರು.

"ಹಾಗಾದ್ರೆ ಇದು ಯಾರು?"

ಚಿತ್ರಗಾರರು ನೆಲ ನೋಡಿದರು. ನೀಲಿ ಮುಗಿದ ಆಕಾಶಕ್ಕೆ ಮತ್ತೆ ನೀಲಿ ಬಳಿದಳು. ಆ ಹೆಂಗಸು ಮೇಜಿನ ಪಕ್ಕಕ್ಕೆ ಬಂದು, ಎಲ್ಲರನ್ನೂ ಬಿಟ್ಟು, ನನ್ನ ಮುಂದೆ ಹಾಳೆ ಬಿಚ್ಚಿದಳು. ನನ್ನ ಕುಂಚದಲ್ಲಿ ಕೆಂಪು ಇದ್ದದ್ದಕ್ಕೋ ಏನೋ. "ನೀವು ಬಣ್ಣ ಹಾಕಿದೀರಲ್ಲ, ತಾಯಿ. ಇದು ಯಾರು?"

"ಗೊತ್ತಿಲ್ಲ," ಎಂದೆ.

ನಿಲ್ದಾಣದ ಎದುರಿನ ವಸತಿಗೃಹದಲ್ಲಿ ಇಳಿದಿದ್ದೇನೆ, ಗೊತ್ತಾದರೆ ಹೇಳಿಕಳಿಸಿ ಎಂದು ಹೊರಟುಹೋದಳು. ಮಡಿಸಿದ ಕಡೆ ಬಣ್ಣ ಬಿರಿದು, ಬಾವುಟ ಹಿಡಿದವನ ಕುತ್ತಿಗೆಯ ಮೇಲೆ ಬಿಳಿ ಗೆರೆ ಮೂಡಿತ್ತು.

ಮೇ ೩

ಗೊತ್ತಿಲ್ಲ ಎಂದೆ.

ಮೇ ೪

ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಅವನ ಅಂಗಡಿಯ ಕದ ಒಳಗಿನಿಂದ ಮುಚ್ಚಿ, ಮೊನ್ನೆ ಬಂದ ಆ ತಾಯಿಯ ವಿಷಯ ಹೇಳಿದೆ. ಕೈಯಲ್ಲಿದ್ದ ಚಿಮುಟ ಕೆಳಗಿಟ್ಟ.

"ಅವನು ನನ್ನ ಮುಂದೇನೇ ಇದ್ದ," ಎಂದ. "ಒಂದೇ ಕಂಬಳಿ ಹೊದ್ಕೊಂಡು ಮಲಗ್ತಿದ್ವಿ. ಸೇತುವೆ ಅರ್ಧ ದಾಟಿದಾಗ ಅವನಿಗೆ ಗುಂಡು ಬಿತ್ತು. ಬೀಳ್ಲಿಲ್ಲ, ಮಂಡಿ ಊರ್ದ. ತಿರುಗಿ ಬಾವುಟದ ಕೋಲು ನನ್ನ ಕಡೆ ಚಾಚಿ 'ತಗೋ' ಅಂದ. ಬಾವುಟ ಹಿಡಿದೋನಿಗೇ ಎಲ್ಲರೂ ಗುರಿ ಇಡೋದು ಅಂತ ಅಷ್ಟೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ನಾನು ತಗೊಳ್ಳಲಿಲ್ಲ. ಹೊಟ್ಟೆ ಮೇಲೆ ಮಲಗಿಬಿಟ್ಟೆ. ಅವನು ಕೋಲು ಚಾಚ್ಕೊಂಡೇ ಇದ್ದ."

ಒಳಬಾಗಿಲಲ್ಲಿ ತಂಗಿ ನಿಂತಿದ್ದಳು, ಮಗು ಹೆಗಲ ಮೇಲೆ. ಎಷ್ಟು ಕೇಳಿಸಿಕೊಂಡಿದ್ದಳೋ. ನಾನು ಉಳಿದದ್ದನ್ನೂ ಹೇಳಿದೆ: ಗೂಡಿನ ಫೋಟೊ, ಧೂಳು ಒರೆಸಿದೆ ಎಂದದ್ದು, ಮುಖ ನೋಡುವುದಿಲ್ಲ ಎಂದದ್ದು, ಆ ತಾಯಿಗೆ ಗೊತ್ತಿಲ್ಲ ಎಂದದ್ದು.

"ಪೇಟೆ ತುಂಬ ಹೇಳ್ಕೊಂಡು ಬಂದ್ನಲ್ಲ ನಾನು," ಎಂದಳು. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಮಗುವಿನ ಬೆನ್ನು ತಟ್ಟಿದಳು. ಆಮೇಲೆ ಗಂಡನ ಕಡೆ ನೋಡದೆ, "ನೀವು ತಗೊಳ್ಳಲಿಲ್ವಲ್ಲ ಅಂತ ನನಗೆ ಸಂತೋಷ ಆಗ್ತಿದೆ. ಸಂತೋಷ ಆಗ್ತಿದೆಯಲ್ಲ ಅಂತ ನಾಚಿಕೆ ಆಗ್ತಿದೆ," ಎಂದಳು.

 ಕೊನೆಗೆ ನನ್ನ ಕಡೆ ತಿರುಗಿ ಅವಳೇ, "ಅವರನ್ನ ಇಲ್ಲಿಗೆ ಕರ್ಕೊಂಡು ಬಾ. ಇದು ವಸತಿಗೃಹದಲ್ಲಿ ನಿಂತು ಹೇಳೋ ಮಾತಲ್ಲ," ಎಂದಳು. ಅಕ್ಕ ಎನ್ನಲಿಲ್ಲ.

ಮೇ ೫

ವಸತಿಗೃಹದ ಮೆಟ್ಟಿಲ ಮೇಲೆ ಆ ತಾಯಿ ಸಿಕ್ಕಿದರು. ಗಂಟು ಕಟ್ಟಿಕೊಂಡು ಮಧ್ಯಾಹ್ನದ ಗಾಡಿಗೆ ಹೊರಟಿದ್ದರು. ಒಂದು ಗಂಟೆ ತಡವಾಗಿದ್ದರೆ ಸಿಗುತ್ತಿರಲಿಲ್ಲ. ತಡವಾಗಲಿ ಎಂದೇ ನಾನು ಸುತ್ತುದಾರಿ ಹಿಡಿದಿದ್ದೆ. ನನ್ನ ಕಾಲು ಅಷ್ಟು ದೂರ ಬಂದಿದ್ದರೂ ಮನಸ್ಸು ಇನ್ನೂ ಹಿಂದೆಯೇ ಉಳಿದಿತ್ತು.

"ಆ ಮುಖ ನನ್ನ ತಂಗಿಯ ಗಂಡಂದು," ಎಂದೆ. "ಫೋಟೊ ಕೊಟ್ಟಿದ್ದು ನಾನು. ಅವನೂ ಅಲ್ಲಿದ್ದ. ನಿಮ್ಮ ಮಗನ ಹಿಂದೆ."

ಅವರು ಗಂಟಿನ ಮೇಲೆಯೇ ಕೂತರು. "ಮೊನ್ನೆ ಕೇಳ್ದಾಗ ಗೊತ್ತಿಲ್ಲ ಅಂದಿರಿ."

"ಅಂದೆ."

"ಯಾಕೆ?"

"ನೀವು ಬೇಗ ಕೆಳಗಿಳಿದು ಹೋಗ್ಲಿ ಅಂತ."

ಅವರು ತಲೆಯಾಡಿಸಿದರು. ಆ ಉತ್ತರ ಅವರಿಗೆ ಅರ್ಥವಾಯಿತು ಎನ್ನಿಸಿತು. ಕ್ಷಮಿಸಿದರು ಎನ್ನಿಸಲಿಲ್ಲ. ದಾರಿಯಲ್ಲಿ ಗಂಟು ಹೊರುತ್ತೇನೆಂದರೂ ನನ್ನ ಕೈಗೆ ಕೊಡಲಿಲ್ಲ.

ಮನೆಯಲ್ಲಿ ಅವನು ಎದ್ದು ನಿಂತೇ ಎಲ್ಲವನ್ನೂ ಹೇಳಿದ. ಕೂತುಕೋ ಎಂದರೂ ಕೂರಲಿಲ್ಲ. 'ತಗೋ' ಎಂದದ್ದನ್ನು ಹೇಳುವಾಗ ಅವನ ಕೈ ತಾನಾಗಿ ಮುಂದಕ್ಕೆ ಚಾಚಿತು. ಆ ತಾಯಿ ಚಾಚಿದ ಆ ಕೈಯನ್ನೇ ನೋಡುತ್ತಿದ್ದರು.

"ಹೆದರಿದ್ನಾ?"

"ಹೆದರಿದ್ದ. ಎಲ್ಲರೂ ಹೆದರಿದ್ವಿ. ಬೆಳಿಗ್ಗೆ ಇಬ್ಬರೂ ಒಬ್ಬರಿಗೊಬ್ಬರು ಗಡ್ಡ ಹೆರೆದುಕೊಂಡ್ವಿ. ಕೈ ನಡುಗಿ ನಾನು ಅವನ ಗಲ್ಲಕ್ಕೆ ಗಾಯ ಮಾಡ್ದೆ. 'ಆಯ್ತು ಬಿಡು, ಇವತ್ತಿನ ಗಾಯ ಆಯ್ತು' ಅಂತ ನಕ್ಕ."

"ಆಮೇಲೆ, ಕೊನೇಲಿ, ಇನ್ನೇನಾದ್ರೂ ಅಂದ್ನಾ?"

"ಇಲ್ಲ. ಅದೊಂದೇ ಮಾತು."

ಮಗು ಅಳತೊಡಗಿತು, ತಂಗಿ ಒಳಗೆ ಎತ್ತಿಕೊಂಡು ಹೋದಳು.  ಅಳು ನಿಂತ ಮೇಲೆ ಆ ತಾಯಿ ಅವನಿಗೆ, "ನೀನು ತಗೊಳ್ಳದೇ ಇದ್ದಿದ್ದು ಸರಿ ಅಂತ ನನ್ನ ಬಾಯಲ್ಲಿ ಬರಲ್ಲ. ಕಾಯಬೇಡ," ಎಂದರು.

"ಕಾಯ್ತಿಲ್ಲ ಅಮ್ಮ."

"ಆದ್ರೆ ಆ ಗಡ್ಡದ ವಿಷಯ ಇನ್ನೊಂದ್ಸಲ ಹೇಳು."

ಅವನು ಹೇಳಿದ. ಈ ಸಲ ಕೂತುಕೊಂಡು ಹೇಳಿದ.

ಮಧ್ಯಾಹ್ನದ ಗಾಡಿ ತಪ್ಪಿತು. ತಂಗಿ ಹಾಸಿಗೆ ಹಾಸಿದಳು. ನನ್ನ ಕೋಣೆಯಲ್ಲಿ, ನನ್ನನ್ನು ಕೇಳದೆ. ಅದು ಸರಿಯಾಗಿಯೇ ಇತ್ತು.

ಮೇ ೬

ಯಜಮಾನರಿಗೆ ಎಲ್ಲ ಹೇಳಿದೆ, ಆ ಚಿತ್ರ ಮಾರುವುದನ್ನು ನಿಲ್ಲಿಸಿ, ಮುಖ ತಿದ್ದಿಸಿ ಎಂದೆ.

"ಯಾವ ಕಲ್ಲಿನ ಮೇಲೆ ತಿದ್ದಲಿ?" ಎಂದರು. "ಸೇತುವೆ ಉಜ್ಜಿ ಹಾಕಿ ಆಯ್ತು. ಅದೇ ಕಲ್ಲಿನ ಮೇಲೆ ಈಗ ಕೋಟೆ ಇದೆ."

ಕೆಳಗೆ ಹೋಗಿ ನೋಡಿದೆ. ಮರಳು ಹಾಕಿ ಅರೆದು ಕಲ್ಲನ್ನು ಹಾಲಿನಂತೆ ನುಣ್ಣಗೆ ಮಾಡಿ, ಮೇಲೆ ಕೋಟೆ ಬರೆದಿದ್ದರು. ಸೇತುವೆಯ ಗುರುತೂ ಇರಲಿಲ್ಲ. ಅಲ್ಲಿ ಇಲ್ಲವಾದದ್ದು ಊರೂರಿನ ಗೋಡೆಗಳ ಮೇಲೆ ಇದೆ.

ಬಣ್ಣ ಹಾಕದ ಸೇತುವೆಯ ಹಾಳೆಗಳ ಕಟ್ಟೊಂದು ಮೇಜಿನ ಮೇಲೆ ಉಳಿದಿತ್ತು. ಅವಕ್ಕೆ ಕೆಂಪು ಹಾಕಲಾರೆ ಎಂದೆ. "ಕೆಂಪು ಹಾಕೋಕೆ ಬೇಕಾದಷ್ಟು ಜನ ಸಿಗ್ತಾರೆ," ಎಂದರು ಯಜಮಾನರು. ಅದು ನಿಜ. ಕೂಡಲೇ ಹಸಿರಿನ ಕೈಗೆ ನನ್ನ ಬಟ್ಟಲು ಕೊಟ್ಟು, ನನ್ನನ್ನು ಮೂಲೆಯ ಸಣ್ಣ ಮೇಜಿಗೆ ಕಳಿಸಿದರು. ಔಷಧಿ ಸೀಸೆಗಳ ಚೀಟಿ, ಅದರ ಮೇಲೆ ದಾಳಿಂಬೆ.

ಹಳದಿ ಎದ್ದು ಬಂದು ತನ್ನ ಮೆತ್ತೆಯನ್ನು ನನ್ನ ಸ್ಟೂಲಿನ ಮೇಲೆ ಹಾಕಿ ಹೋದಳು.

ಮೇ ೭

ಗಡಿಯಾರ ತಂದವರಿಗೆಲ್ಲ ಅವನು ಹೇಳುತ್ತಿದ್ದಾನೆ: ಚಿತ್ರದಲ್ಲಿರೋದು ಸುಳ್ಳು, ಬಾವುಟ ಹಿಡಿದಿದ್ದು ನಾನಲ್ಲ, ಅವನು ಇಂಥ ಊರಿನವನು, ಅವನ ತಾಯಿ ಒಳಗಿದ್ದಾರೆ. ಜನ ತಲೆದೂಗಿ, "ವೀರರು ಯಾವತ್ತೂ ಹೀಗೇ ಹೇಳೋದು," ಎಂದು ಹೋಗುತ್ತಾರೆ. ಒಬ್ಬ ಕಣ್ಣೊರೆಸಿಕೊಂಡನಂತೆ. ನಮ್ಮ ಹಾಲಿನವಳು ಮಾತ್ರ ನಂಬಿದಳು. ನಂಬಿ, ನಾಳೆಯಿಂದ ಹಾಲು ಬೇರೆ ಕಡೆ ತಗೊಳ್ಳಿ ಎಂದಳು. ಅವಳ ಅಣ್ಣನೂ ಯುದ್ಧದಲ್ಲಿದ್ದಾನೆ.

ನಾನು ಇದನ್ನೆಲ್ಲ ಯಾವತ್ತಿನಂತೆ ಬರೆಯುತ್ತಿದ್ದೇನೆ, ಆದರೆ ಬರೆದು ಮುಗಿಸಿದ ಮೇಲೆ ಹಗುರಾಗುತ್ತಿಲ್ಲ.

ಗೋಡೆಯ ಚಿತ್ರವನ್ನು ತಂಗಿ ತೆಗೆದಿದ್ದಾಳೆ. ಎಲ್ಲಿಟ್ಟಳೋ ಕೇಳಿಲ್ಲ.

ಮೇ ೯

ಯಾರೂ ಕೇಳದಿದ್ದರೂ ಚಿತ್ರಗಾರರು ಮನೆಗೆ ಬಂದರು, ಕಂಕುಳಲ್ಲಿ ಕಾಗದದ ಸುರುಳಿ. ಆ ತಾಯಿಯ ಮುಂದೆ ನಿಂತು, "ನೀವು ಹೇಳಿ, ನಾನು ಬರೀತೀನಿ. ಎಷ್ಟು ಸಲ ಬೇಕಾದ್ರೂ ಅಳಿಸ್ತೀನಿ," ಎಂದರು. ಮಗನ ಫೋಟೊ ಆ ತಾಯಿಯ ಬಳಿ ಇಲ್ಲ. ತೆಗೆಸಿಯೇ ಇರಲಿಲ್ಲ.

ಮುಂಗೋಣೆಯ ಕಿಟಕಿಯ ಪಕ್ಕ ಕೂತೆವು. ತಾಯಿ ಹೇಳಲು ಶುರುಮಾಡಿದರು. ಅಗಲ ಹಣೆ. ದಪ್ಪ ಕೂದಲು, ಬಾಚಣಿಗೆಗೆ ಬಗ್ಗದ್ದು. ಮೂಗು ತಂದೆಯದು. ತಂದೆಯ ಮೂಗು ಹೇಗಿತ್ತು ಎಂದರೆ, ಮಗನ ಹಾಗೆ. ಚಿತ್ರಗಾರರು ಬರೆದರು, ಅಳಿಸಿದರು. ಮೊದಲು ಬಂದವನು ಯಾರೋ ಗುಮಾಸ್ತನ ಹಾಗಿದ್ದ. ಎರಡನೆಯವನನ್ನು ನೋಡಿ ತಾಯಿ ಬೇಡ ಎಂದು ಕೈಯಾಡಿಸಿದರು.

"ಕಿವಿ?" ಎಂದು ಚಿತ್ರಗಾರರು ಕೇಳಿದರು.

ಅವರ ಕೈ ತಮ್ಮದೇ ಕಿವಿಗೆ ಹೋಯಿತು.

"ಕಿವಿ... ಕಿವಿ ನೆನಪಾಗ್ತಿಲ್ಲ," ಎಂದರು. "ನಾನೇ ತೊಳೀತಿದ್ದೆ. ಸಣ್ಣೋನಿದ್ದಾಗ ಹಿಡಿದು ಹಿಡಿದು ತೊಳೀತಿದ್ದೆ. ನಿಮ್ಮ ಮೇಲೆಲ್ಲ ಸಿಟ್ಟು ಮಾಡ್ಕೊಂಡು ಬಂದೆ, ಮುಖ ತಪ್ಪು ಬರ್ದಿದೀರಿ ಅಂತ. ನನಗೇ ಗೊತ್ತಿಲ್ವಲ್ಲ."

ಆ ಕೋಣೆಯಲ್ಲಿ ತಪ್ಪು ಮಾಡದವರು ಅವರೊಬ್ಬರೇ. ಅವರೇ ತಲೆ ತಗ್ಗಿಸಿ ಕೂತದ್ದನ್ನು ನೋಡಲಾಗಲಿಲ್ಲ. ಏನಾದರೂ ಹೇಳಬೇಕೆಂದು ನಾನು ಹುಡುಕುತ್ತಿದ್ದಾಗ, ಇಷ್ಟು ಹೊತ್ತೂ ಬೆನ್ನು ತಿರುಗಿಸಿ ಗಡಿಯಾರ ಬಿಚ್ಚುತ್ತಿದ್ದ ತಂಗಿಯ ಗಂಡ ಹೇಳಿದ: "ಎಡಗಿವಿ ಸ್ವಲ್ಪ ಮುಂದಕ್ಕಿತ್ತು. ಟೊಪ್ಪಿ ಅದರ ಮೇಲೆ ಕೂರ್ತಿರ್ಲಿಲ್ಲ, ನಾವೆಲ್ಲ ನಗ್ತಿದ್ವಿ. ಎಡ ಹುಬ್ಬಿನ ಮೇಲೆ ಕೂದಲಿಲ್ಲದ ಒಂದು ಗೆರೆ."

"ಬಾಗಿಲು ತಾಗಿದ್ದು," ಎಂದರು ತಾಯಿ, ತಲೆ ಎತ್ತಿ. "ಅದು ಬಾಗಿಲು ತಾಗಿ ಆಗಿದ್ದು."

ಅವನು ಕುರ್ಚಿ ಎಳೆದುಕೊಂಡು ಬಂದ. ಆಮೇಲೆ ಇಬ್ಬರೂ ಹೇಳತೊಡಗಿದರು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದರು, ಒಮ್ಮೊಮ್ಮೆ ಜಗಳವಾಡಿದರು. ತುಟಿ ತೆಳ್ಳಗೆ ಎಂದ ಅವನು. ಅಲ್ಲಿ ಚಳಿಗೆ ಹಾಗಾಗಿರಬೇಕು, ಮನೆಯಲ್ಲಿ ತುಂಬಿಕೊಂಡಿತ್ತು ಎಂದರು ಅವರು. ಚಿತ್ರಗಾರರು ಬೆವರುತ್ತಿದ್ದರು. ಬೇರೆ ಕಡೆಯಿಂದ ತಂದ ಹಾಲನ್ನು ತಂಗಿ ಎಲ್ಲರಿಗೂ ಇಟ್ಟಳು, ನನಗೂ ಇಟ್ಟಳು. ಎಷ್ಟು ಕಾಗದ ಹಾಳಾಯಿತೋ. ಕೊನೆಗೊಮ್ಮೆ ಅವರು ಚಿತ್ರಗಾರರ ಮಣಿಕಟ್ಟು ಹಿಡಿದು, "ಸಾಕು. ಇನ್ನು ಮುಟ್ಟಬೇಡಿ," ಎಂದರು.

ಅದು ಅವನ ಹಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಮುಂದಕ್ಕೆ ಬಾಗಿದ ಕಿವಿಯ ಒಬ್ಬ ಹುಡುಗ ಕಾಗದದಿಂದ ನಮ್ಮನ್ನು ನೋಡುತ್ತಿದ್ದ. ಚಿತ್ರಗಾರರು ಕೋಟಾಗಲಿ ಬಾವುಟವಾಗಲಿ ಬರೆದಿರಲಿಲ್ಲ. ಕುತ್ತಿಗೆಯ ಕೆಳಗೆ ಖಾಲಿ.

ತಾಯಿ ಕಾಗದವನ್ನು ನನ್ನ ಮುಂದಕ್ಕೆ ಸರಿಸಿದರು. "ನೀವು ಬಣ್ಣ ಹಾಕೋರಲ್ವಾ."

"ನನಗೆ ಕೋಟು, ಬಾವುಟ ಅಷ್ಟೇ ಬರುತ್ತೆ," ಎಂದೆ. "ಮುಖಕ್ಕೆ ನಾನು ಯಾವತ್ತೂ ಹಾಕಿಲ್ಲ."

"ಕೆಂಪು ಇದೆಯಲ್ಲ?"

ಇತ್ತು. ಬಟ್ಟಲಿನಲ್ಲಿ ಒಂದು ಚುಕ್ಕೆ ಕೆಂಪು ಕರಗಿಸಿ, ನೀರು ಹಾಕಿ ಹಾಕಿ ತೆಳ್ಳಗೆ ಮಾಡಿದೆ. ಕುಂಚ ಎತ್ತಿದೆ.  "ಕೆನ್ನೆಗೆ ಎಷ್ಟು ಹಾಕಲಿ?" ಎಂದು ಕೇಳಿದೆ.



"ನಮ್ಮ ಮನೆ ಎತ್ತರದಲ್ಲಿದೆ," ಎಂದರು. "ಅವನು ಯಾವತ್ತೂ ನಡೆದು ಬಂದೋನಲ್ಲ, ಓಡಿ ಹತ್ತಿ ಬರ್ತಿದ್ದ. ಈಗ ತಾನೇ ಬಂದು ಬಾಗಿಲಲ್ಲಿ ನಿಂತಿದಾನೆ ಅಂತ ಹಾಕಿ."

ಹಾಕಿದೆ. ಒಂದು ಕೆನ್ನೆ, ಇನ್ನೊಂದು ಕೆನ್ನೆ, ಆ ಕಿವಿಯ ಅಂಚು. ಒಣಗುವವರೆಗೆ ಮೇಜಿನ ಮೇಲೆ ಬಿಡಿ ಎಂದೆ, ಅವರು ಕೇಳಲಿಲ್ಲ. ಒದ್ದೆ ಕಾಗದವನ್ನು ಎರಡೂ ಅಂಗೈಯಲ್ಲಿ ಮಟ್ಟಸವಾಗಿ ಹಿಡಿದುಕೊಂಡು ಹೊರಟರು. ಗಂಟನ್ನು ನನಗೆ ಕೊಟ್ಟರು. ನಿಲ್ದಾಣದವರೆಗೆ ಹೊತ್ತುಕೊಂಡು ಹಿಂದೆ ಹಿಂದೆ ನಡೆದೆ.